ನೆಲದ ಋಣ ಯಾರ ಲೆಕ್ಕದಲ್ಲಿ?

ಹೊರದೇಶದವನೊಬ್ಬ ಅರ್ಜಿ ಹಾಕಿ ಭಾರತೀಯನಾಗಬೇಕಾದರೆ ಏನೇನು ಅರ್ಹತೆ ಬೇಕು ಎಂಬುದನ್ನು 1955ರ ಪೌರತ್ವ ಕಾಯ್ದೆಯ ಮೂರನೆಯ ಅನುಸೂಚಿ ಹೇಳುತ್ತದೆ. ಇಷ್ಟು ವರ್ಷ ಇಲ್ಲಿ ನೆಲಸಿರಬೇಕು, ನಡತೆ ಚೆನ್ನಾಗಿರಬೇಕು ಎಂಬ ನಿಬಂಧನೆಗಳ ನಡುವೆ ಭಾಷೆಯ ಮಾತೂ ಒಂದಿದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದಾದರೂ ಒಂದು ಭಾಷೆ ಅವನಿಗೆ ತಕ್ಕಮಟ್ಟಿಗೆ ಬರಬೇಕು. ಆ ಪಟ್ಟಿಯಲ್ಲಿ ಈಗ 22 ಭಾಷೆಗಳಿವೆ. ಕನ್ನಡ ಬಲ್ಲವನು ಹಿಂದಿ ಬಾರದೆಯೂ ಭಾರತೀಯನಾಗಬಹುದು, ಸಂತಾಲಿ ಬಲ್ಲವನು ಎರಡೂ ಬಾರದೆ ಆಗಬಹುದು. ಇಂಗ್ಲಿಷ್ ಒಂದನ್ನೇ ನೆಚ್ಚಿಕೊಂಡವನಿಗೆ ಮಾತ್ರ ಈ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಅದು ಆ ಪಟ್ಟಿಯಲ್ಲೇ ಇಲ್ಲ. ಇನ್ನು ದೇಶದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವನು ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. 19ನೆಯ ವಿಧಿ ಅವನಿಗೆ ಎಲ್ಲಿ ಬೇಕಾದರೂ ಸಂಚರಿಸುವ, ನೆಲಸುವ ಹಕ್ಕು ಕೊಟ್ಟಿದೆ. ಕಾನೂನಿನ ಮಟ್ಟಿಗೆ ವಿಷಯ ಇಲ್ಲಿಗೆ ಮುಗಿಯಿತು. ಊರಿನ ಮಟ್ಟಿಗೆ ಮುಗಿಯುವುದಿಲ್ಲ. ಈ ನೆಲದ ಅನ್ನ ಉಂಡ ಮೇಲೆ ಈ ನೆಲದ ಮಾತು ಕಲಿಯಬೇಕು, ನೆಲದ ಋಣ ತೀರಿಸಬೇಕು ಎಂದು ಊರು ಹೇಳುತ್ತದೆ. ವೇದಿಕೆಯ ಭಾಷಣದಲ್ಲೂ ಬಸ್ಸಿನ ಜಗಳದಲ್ಲೂ ಒಂದೇ ಸಲೀಸಿನಿಂದ ಬರುವ ಮಾತು ಇದು. ಕಾಯ್ದೆಯ ಯಾವ ಕಲಮಿನಲ್ಲೂ ಇದು ಸಿಗುವುದಿಲ್ಲ, ಏಕೆಂದರೆ ಇದು ಧರ್ಮದ ಮಾತು. ಹಾಗಾಗಿ ಧರ್ಮದ ಪ್ರಶ್ನೆಯಾಗಿಯೇ ಇದನ್ನು ಕೇಳಬೇಕು. ಈ ಋಣ ಎಲ್ಲಿಂದ ಹುಟ್ಟಿತು, ಕೊಟ್ಟವರು ಯಾರು, ವಸೂಲಿಯ ಅಧಿಕಾರ ಯಾರದು?

ಋಣದ ಹಳೆಯ ಲೆಕ್ಕ ವೈದಿಕ ಗ್ರಂಥಗಳಲ್ಲಿದೆ. ತೈತ್ತಿರೀಯ ಸಂಹಿತೆ ಹೇಳುವುದು ಮೂರು ಋಣಗಳನ್ನು: ಋಷಿಗಳದು, ದೇವತೆಗಳದು, ಪಿತೃಗಳದು. ಅದೂ ಬ್ರಾಹ್ಮಣನಾಗಿ ಹುಟ್ಟಿದವನಿಗೆ. ಶತಪಥ ಬ್ರಾಹ್ಮಣ ಈ ಲೆಕ್ಕವನ್ನು ಎರಡು ಕಡೆ ಹಿಗ್ಗಿಸುತ್ತದೆ. ಇರುವವನೆಂಬವನು ಯಾರೇ ಆಗಲಿ, ಹುಟ್ಟುತ್ತಲೇ ಋಣಿ ಎಂದು ಅದು ಸಾರುತ್ತದೆ. ಜೊತೆಗೆ ನಾಲ್ಕನೆಯದೊಂದು ಋಣವನ್ನು ಸೇರಿಸುತ್ತದೆ, ಮನುಷ್ಯರ ಋಣ. ಆ ನಾಲ್ಕನೆಯದು ತೀರುವುದು ಹೇಗೆಂದರೆ, ಮನುಷ್ಯರಿಗೆ ಇರಲು ಜಾಗ ಕೊಟ್ಟು, ಉಣ್ಣಲು ಕೊಟ್ಟು. ಋಷಿಗಳ ಋಣ ತೀರುವುದು ಕಲಿಕೆಯಿಂದ. ಕಲಿತವನನ್ನು ಆ ಗ್ರಂಥ ಋಷಿಗಳ ನಿಧಿಯ ಕಾವಲುಗಾರ ಎಂದು ಕರೆಯುತ್ತದೆ. ಈ ಪಟ್ಟಿಯಲ್ಲಿ ನೆಲದ ಋಣ ಎಂಬುದೇ ಇಲ್ಲ. ಅದು ನಮ್ಮ ಆಡುಮಾತು ಆಮೇಲೆ ಸೇರಿಸಿಕೊಂಡದ್ದು. ಸೇರಿಸಿಕೊಂಡದ್ದರಲ್ಲಿ ತಪ್ಪಿಲ್ಲ, ಉಪ್ಪಿನ ಋಣವೂ ಅನ್ನದ ಋಣವೂ ಹಾಗೆಯೇ ಬಂದವು. ಆದರೆ ಸೇರಿಸುವಾಗ ದಿಕ್ಕು ತಿರುಗಿಹೋಯಿತು. ಶತಪಥದ ಲೆಕ್ಕದಲ್ಲಿ ಮನೆಬಾಗಿಲಿಗೆ ಬಂದವನಿಗೆ ಜಾಗ ಕೊಡುವವನೇ ಸಾಲಗಾರ, ಕೊಟ್ಟಾಗ ಅವನ ಸಾಲ ತೀರುತ್ತದೆ. ನಮ್ಮ ಆಡುಮಾತಿನ ಲೆಕ್ಕದಲ್ಲಿ ಜಾಗ ಪಡೆದವನು ಸಾಲಗಾರ. ಮೊದಲ ಲೆಕ್ಕವನ್ನು ಪೂರ್ತಿ ಅಳಿಸಿ ಎರಡನೆಯದನ್ನು ಮಾತ್ರ ಉಳಿಸಿಕೊಂಡರೆ ಅದು ಧರ್ಮವಾಗುವುದಿಲ್ಲ, ಬರೀ ಬಾಡಿಗೆಯಾಗುತ್ತದೆ. ಭಾಷೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಕಲಿತವನು ನಿಧಿಯ ಕಾವಲುಗಾರನೇ ಹೊರತು ಒಡೆಯನಲ್ಲ ಎಂದಾದರೆ, ಕನ್ನಡವನ್ನು ತಾಯಿಯ ಮಡಿಲಲ್ಲಿ ಪಡೆದವನು ಅದನ್ನು ಗಳಿಸಿದವನೇನೂ ಅಲ್ಲ. ಇನ್ನೊಬ್ಬರಿಗೆ ಕಲಿಸುವವರೆಗೂ ಅವನ ಲೆಕ್ಕ ಚುಕ್ತಾ ಆಗಿಲ್ಲ.

ಈ ಮಾತನ್ನು ಪರೀಕ್ಷಿಸಲು ಕೊಲ್ಲೂರಿಗಿಂತ ಒಳ್ಳೆಯ ಜಾಗ ಕರಾವಳಿಯಲ್ಲಿ ಸಿಗುವುದು ಕಷ್ಟ. ಕೊಡಚಾದ್ರಿಯ ಬುಡದಲ್ಲಿ, ಸೌಪರ್ಣಿಕೆಯ ದಡದಲ್ಲಿ ನೆಲೆನಿಂತ ಮೂಕಾಂಬಿಕೆಯ ಕಥೆಯೇ ಒಂದು ಅರ್ಧಕ್ಕೆ ನಿಂತ ವಲಸೆಯ ಕಥೆ. ಕೇರಳದ ಕಾಲಡಿಯಲ್ಲಿ ಹುಟ್ಟಿದ ಶಂಕರರು ದೇವಿಯನ್ನು ತಮ್ಮ ನಾಡಿಗೆ ಕರೆದೊಯ್ಯುತ್ತಿದ್ದರು, ಹಿಂದಿರುಗಿ ನೋಡಬಾರದೆಂಬ ಷರತ್ತಿತ್ತು, ಗೆಜ್ಜೆಯ ಸದ್ದು ನಿಂತದ್ದರಿಂದ ತಿರುಗಿ ನೋಡಿದರು, ದೇವಿ ಅಲ್ಲಿಯೇ ನಿಂತಳು ಎಂಬುದು ನಂಬಿಕೆ. ಇದು ಇತಿಹಾಸವೆಂದು ವಾದಿಸಬೇಕಾಗಿಲ್ಲ. ಆದರೆ ಕೇರಳದ ಲಕ್ಷಾಂತರ ಮಂದಿ ಇಂದಿಗೂ ಈ ದೇವಿಯನ್ನು ತಮ್ಮವಳೆಂದೇ ಕಾಣುತ್ತಾರೆ, ವಿಜಯದಶಮಿಯ ದಿನ ಮಕ್ಕಳನ್ನು ಅಕ್ಷರಾಭ್ಯಾಸಕ್ಕೆ ಇಲ್ಲಿಗೆ ಕರೆತರುತ್ತಾರೆ, ಕನ್ನಡದ ನೆಲದಲ್ಲಿ ಕುಳಿತು ಆ ಮಕ್ಕಳು ಮಲಯಾಳದ ಮೊದಲ ಅಕ್ಷರ ಬರೆಯುತ್ತಾರೆ. ಆ ಸಂಪ್ರದಾಯದಲ್ಲಿ ಒಂದು ಕ್ರಮವಿದೆ. ಮೊದಲು ಅಕ್ಷರ ಕೊಡುತ್ತಾರೆ, ಅರ್ಹತೆ ಕೇಳುವುದಿಲ್ಲ. ಕೇಳುವುದಾದರೂ ಏನನ್ನು? ಬರೆಯಲು ಬಾರದ್ದಕ್ಕೇ ಮಗು ಬಂದಿರುವುದು. ಬಾರದ್ದನ್ನು ಕಲಿಸುವ ಜಾಗವೊಂದು ಬಂದವರನ್ನು ಬಾರದೆಂಬ ಕಾರಣಕ್ಕೆ ಹೊರಗಿಡಲಾರದು.

ಕೊಲ್ಲೂರಿನ ರಥಬೀದಿಯಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ, ಇದು ದೇವರಿಗೆ ಸಂಬಂಧಿಸಿದ್ದಲ್ಲ. ಅಲ್ಲಿನ ಫಲಕಗಳಲ್ಲಿ ಕನ್ನಡದ ಜೊತೆ ಮಲಯಾಳವಿದೆ. ಹೂಕಾಯಿ ಮಾರುವವರು, ಲಾಡ್ಜಿನವರು, ಊಟದ ಹೋಟೆಲಿನವರು, ಟ್ಯಾಕ್ಸಿ ಓಡಿಸುವವರು ಮಲಯಾಳದಲ್ಲಿ ವ್ಯವಹರಿಸಬಲ್ಲರು. ಯಾವ ಕಾಯ್ದೆಯೂ ಅವರಿಗೆ ಅದನ್ನು ಕಲಿಸಲಿಲ್ಲ, ಯಾರೂ ಅವರಿಗೆ ಕೇರಳದ ಋಣದ ನೆನಪು ಮಾಡಲಿಲ್ಲ. ಗಿರಾಕಿ ಆಡುವ ಮಾತನ್ನು ಕಲಿತರು, ಅಷ್ಟೆ. ಇದೇ ತಾಲ್ಲೂಕಿನಲ್ಲಿ ಕಟ್ಟಡ ಕೆಲಸಕ್ಕೆ ಬಂದವನಿಗೆ, ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಬಂದವನಿಗೆ ಕನ್ನಡ ಬಾರದಿದ್ದರೆ ಅದು ಅವನ ಸೊಕ್ಕಾಗಿ ಕಾಣುತ್ತದೆ. ಹಣ ತರುವವನ ಭಾಷೆಯನ್ನು ನಾವು ಕಲಿಯುತ್ತೇವೆ, ದುಡಿಮೆ ತರುವವನಿಂದ ನಮ್ಮ ಭಾಷೆಯನ್ನು ಕೇಳುತ್ತೇವೆ. ಯಾತ್ರಿಕನೂ ಕೂಲಿಯವನೂ ಉಣ್ಣುವುದು ಇದೇ ನೆಲದ ಅನ್ನವನ್ನು. ಹಾಗಿದ್ದೂ ಒಬ್ಬನ ತಲೆಯ ಮೇಲೆ ಮಾತ್ರ ಋಣ ಬೀಳುವುದಾದರೆ, ಅಳತೆಗೋಲು ನೆಲವಾಗಿರಲು ಸಾಧ್ಯವಿಲ್ಲ, ಅಂತಸ್ತೇ ಆಗಿರಬೇಕು.

ಕೊಲ್ಲೂರಿನ ಸುತ್ತಲೇ ನಿಜವಾದ ವಲಸೆಯ ಊರುಗಳೂ ಇವೆ. ಜಡ್ಕಲ್, ಮುದೂರು ಕಡೆಯ ಗುಡ್ಡಗಳಿಗೆ ಇಪ್ಪತ್ತನೆಯ ಶತಮಾನದ ನಡುಭಾಗದಿಂದ ತಿರುವಾಂಕೂರಿನ ಸಿರಿಯನ್ ಕ್ರೈಸ್ತ ಕುಟುಂಬಗಳು ಬಂದು ರಬ್ಬರ್ ನೆಟ್ಟವು. ಭೂಮಿಯ ಹಸಿವಿನಿಂದ ಮಲಬಾರಿಗೂ ದಕ್ಷಿಣ ಕನ್ನಡಕ್ಕೂ ಹರಿದು ಬಂದ ದೊಡ್ಡ ವಲಸೆಯ ಉತ್ತರದ ತುದಿ ಇದು. ಆ ವಲಸೆಗಾರರಿಗಾಗಿ ತಲಶ್ಶೇರಿ ಧರ್ಮಪ್ರಾಂತ 1953ರಲ್ಲಿ ಆಯಿತು, ಅದರಿಂದ ಬೇರ್ಪಟ್ಟು ಬೆಳ್ತಂಗಡಿ ಧರ್ಮಪ್ರಾಂತ 1999ರಲ್ಲಿ ಆಯಿತು. 1956ರ ನವೆಂಬರ್ 1ರವರೆಗೆ ಕುಂದಾಪುರ ಸೀಮೆಯೂ ಕಾಸರಗೋಡೂ ಮಲಬಾರೂ ಮದರಾಸು ರಾಜ್ಯದ ಆಡಳಿತದಲ್ಲೇ ಇದ್ದವು. ಹಾಗಾಗಿ ಮೊದಲು ಬಂದವರಲ್ಲಿ ಕೆಲವರು ಇಂದಿನ ಗಡಿ ಗೀಚುವ ಮೊದಲೇ ಇಲ್ಲಿಯವರಾಗಿದ್ದರು. ಅವರ ಪ್ರಾರ್ಥನೆ ಮಲಯಾಳದಲ್ಲಿ, ಮಕ್ಕಳ ಶಾಲೆ ಕನ್ನಡದಲ್ಲಿ, ಸಂತೆಯ ಮಾತು ಕುಂದಾಪ್ರ ಕನ್ನಡದಲ್ಲಿ ನಡೆಯಿತು. ಯಾರೂ ಪರೀಕ್ಷೆ ಇಡಲಿಲ್ಲ. ಗಾಯ ಕೊಟ್ಟ ರಬ್ಬರ್ ಮರದ ಹಾಲು ಶೀಟಾಗಿ ಅಂಗಡಿಗೆ ಹೋಗಬೇಕಾದರೆ, ತಾಲ್ಲೂಕು ಕಚೇರಿಯಲ್ಲಿ ಪಹಣಿ ಸಿಗಬೇಕಾದರೆ, ಆಚೆಮನೆಯವರ ಮದುವೆಗೆ ಹೋಗಬೇಕಾದರೆ ಭಾಷೆ ಬೇಕಿತ್ತು, ಅದು ಬಂತು. ಇನ್ನೂ ಹಿಂದಿನ ಸಾಕ್ಷಿ ಬೇಕಾದರೆ ಕುಡುಬಿಗಳನ್ನು ನೋಡಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದ ಈ ಜನ ಬಾರಕೂರು, ಕೊಕ್ಕರ್ಣೆಯಿಂದ ಹಿಡಿದು ಕುಂದಾಪುರದ ಮಲೆಯಂಚಿನವರೆಗೆ ಹರಡಿದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಹೋಳಿ ಹಬ್ಬಕ್ಕೆ ಗುಮಟೆಯ ಬಡಿತ. ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತರಂತೂ ಇನ್ನೂ ವಿಚಿತ್ರ. ಸಿರಿಯನ್ ಸಂಪ್ರದಾಯದ ಪೂಜೆ, ಕೊಂಕಣಿಯ ಪ್ರಾರ್ಥನೆ, ಕನ್ನಡದ ನೆರೆಹೊರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋವೆಯ ಆಲ್ವಾರಿಸ್ ಎಂಬ ಪಾದ್ರಿ 1889ರಲ್ಲಿ ಕೊಟ್ಟಾಯಂನಲ್ಲಿ ಬಿಷಪ್ಪರಾದ ಮೇಲೆ ಹುಟ್ಟಿದ ಪಂಗಡ ಅದು. ಇವರಲ್ಲಿ ಯಾರೂ ಮನೆಯ ಮಾತನ್ನು ಬಿಟ್ಟು ಕನ್ನಡಿಗರಾಗಲಿಲ್ಲ, ಇಟ್ಟುಕೊಂಡೇ ಆದರು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಹಾಗಾದರೆ ಬಂದವನಿಗೆ ಹೊಣೆಯೇ ಇಲ್ಲವೇ? ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದೂ ನಾಲ್ಕು ಮಾತು ಕಲಿಯದವನನ್ನು ಏನೆನ್ನಬೇಕು? ಹೊಣೆ ಇದೆ, ಆದರೆ ಅದು ಎಲ್ಲರ ಮೇಲೂ ಒಂದೇ ತೂಕದ್ದಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ಅಧಿಕಾರಿಗೆ ಕನ್ನಡ ಬಾರದಿದ್ದರೆ ತೊಂದರೆಯಾಗುವುದು ಅವನಿಗಲ್ಲ, ಪಿಂಚಣಿಗೆ ಬಂದ ಮುದುಕಿಗೆ. ಆಸ್ಪತ್ರೆಯ ವೈದ್ಯನಿಗೆ, ಪೊಲೀಸಿಗೆ, ನ್ಯಾಯಾಧೀಶನಿಗೆ, ತಿಂಗಳಿಗೆ ಲಕ್ಷ ಎಣಿಸುತ್ತ ಆಳುಗಳ ಮೇಲೆ ಯಜಮಾನಿಕೆ ಮಾಡುವವನಿಗೆ ಇದೇ ಮಾತು. ಪಾತ್ರೆ ತೊಳೆಯುವವನಿಗೆ ಕನ್ನಡ ಬಾರದಿದ್ದರೆ ತೊಂದರೆಗೆ ಸಿಕ್ಕುವವನು ಅವನೇ. ಕೂಲಿ ಕಡಿಮೆ ಕೊಟ್ಟರೂ ಕೇಳಲಾರ, ಔಷಧದ ಚೀಟಿ ಓದಲಾರ. ಇನ್ನೊಬ್ಬರ ಬದುಕಿನ ಮೇಲೆ ಯಾರ ಕೈ ಎಷ್ಟು ನಡೆಯುತ್ತದೋ ಅಷ್ಟು ಅವರ ಮೇಲೆ ಭಾಷೆಯ ಹೊಣೆ. ಅವರು ಬಂದವರೋ ಇದ್ದವರೋ ಎಂಬುದು ಆಮೇಲಿನ ಪ್ರಶ್ನೆ. ಈ ಮಾನದಂಡದಲ್ಲಿ ನೋಡಿದರೆ ಅಧಿಕಾರಿಯಿಂದ ಕನ್ನಡ ಕೇಳುವುದು ನ್ಯಾಯ, ಕೂಲಿಯವನಿಗೆ ಕನ್ನಡ ಕಲಿಸುವುದು ನ್ಯಾಯ. ನಮ್ಮ ಸಾರ್ವಜನಿಕ ಕೋಪ ಸಾಮಾನ್ಯವಾಗಿ ಇದರ ತಲೆಕೆಳಗು ನಡೆಯುತ್ತದೆ. ಕೂಲಿಯವನನ್ನು ಗದರಿಸುವುದು ಸುಲಭ, ಅಧಿಕಾರಿಯ ಮುಂದೆ ನಾವೇ ಅರೆಬರೆ ಇಂಗ್ಲಿಷಿಗೋ ಹಿಂದಿಗೋ ಇಳಿಯುತ್ತೇವೆ.

ಭಾಷೆ ಬಂದರೆ ಸಾಕು, ನೆಲದವನಾದಂತೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಈ ಕರಾವಳಿಯಲ್ಲಿ ಯಾರಿಗಿಂತಲೂ ಹಳಬರೆಂದು ಹೇಳಬಹುದಾದವರು ಕೊರಗರು. ಅವರಿಗೆ ತಮ್ಮದೇ ನುಡಿಯಿದೆ, ಜೊತೆಗೆ ಸುತ್ತಲಿನ ತುಳುವೂ ಕನ್ನಡವೂ ಬರುತ್ತದೆ. ಹುಟ್ಟಿನ ಪರೀಕ್ಷೆ, ನೆಲದ ಪರೀಕ್ಷೆ, ಭಾಷೆಯ ಪರೀಕ್ಷೆ ಮೂರರಲ್ಲೂ ಅವರು ಮೊದಲ ಸಾಲಿನಲ್ಲಿ ತೇರ್ಗಡೆಯಾಗಬೇಕು. ಆದರೂ ಅಜಲು ಎಂಬ ಅಮಾನುಷ ಪದ್ಧತಿಯಿಂದ ಅವರನ್ನು ಬಿಡಿಸಲು ರಾಜ್ಯ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಗೇಣಿಗೂ ಭೂಮಿ ಸಿಗದಿದ್ದ ಕೊರಗರಿಗೆ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. ಇವರಿಗೆ ಯಾವ ಭಾಷೆ ಕಲಿಯಿರೆಂದು ಹೇಳೋಣ?

ಇನ್ನೊಂದು ತುದಿಯ ಉದಾಹರಣೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದೆ. 1948ರ ಸಿಲೋನ್ ಪೌರತ್ವ ಕಾಯ್ದೆ ಅಲ್ಲಿನ ಚಹಾ ತೋಟಗಳ ಭಾರತ ಮೂಲದ ತಮಿಳರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಸಿಲೋನಿಗೂ ಹಂಚಿಕೊಂಡರು. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಅರ್ಧರ್ಧ ಮಾಡಿಕೊಂಡರು. ಹಾಗೆ ಬಂದವರಲ್ಲಿ ಕೆಲವರನ್ನು ದಕ್ಷಿಣ ಕನ್ನಡದ ಅರಣ್ಯ ನಿಗಮದ ತೋಟಗಳಲ್ಲಿ ರಬ್ಬರ್ ಗೀರಲು ನೆಲೆಗೊಳಿಸಲಾಯಿತು. ಇವರ ಕೈಯಲ್ಲಿ ಭಾರತದ ಪೌರತ್ವ ಮೊದಲೇ ಇತ್ತು. ಮಕ್ಕಳು ಕನ್ನಡ ಶಾಲೆಗೆ ಹೋದರು, ಕನ್ನಡವೂ ತುಳುವೂ ಬಂತು. ಆದರೂ ಜಾತಿ ಪ್ರಮಾಣಪತ್ರ ಕೇಳಿದಾಗ ಅವರು ಹೊರಗಿನವರಾದರು, ಓಣಿಯ ಮಾತಿನಲ್ಲಿ ಸಿಲೋನಿನವರಾಗಿಯೇ ಉಳಿದರು. ಕೊಲ್ಲೂರಿನ ದೇವಿಗೆ ಚಿನ್ನದ ಖಡ್ಗ ಅರ್ಪಿಸಿದ ಎಂ. ಜಿ. ರಾಮಚಂದ್ರನ್ ಹುಟ್ಟಿದ್ದೂ ಅದೇ ದ್ವೀಪದಲ್ಲಿ, ಮಲಯಾಳಿ ಮನೆಯಲ್ಲಿ. ಅವರು ತಮಿಳುನಾಡಿನ ಮುಖ್ಯಮಂತ್ರಿಯಾದರು. ಎದುರಾಳಿಗಳು ಮಲಯಾಳಿಯೆಂದು ಹಂಗಿಸುತ್ತಿದ್ದರೂ ತಮಿಳರು ಕೇಳಿಸಿಕೊಳ್ಳಲಿಲ್ಲ. ಕೀರ್ತಿಯಿದ್ದವನಿಗೆ ಹುಟ್ಟು ಅಡ್ಡಬರುವುದಿಲ್ಲ, ರಬ್ಬರ್ ಗೀರುವವನಿಗೆ ಮೂರನೆಯ ತಲೆಮಾರಿನಲ್ಲೂ ಬರುತ್ತದೆ. ಇದಕ್ಕೆ ಭಾಷೆ ಕಾರಣವಲ್ಲ ಎಂಬುದಂತೂ ಸ್ಪಷ್ಟ.

2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಒಪ್ಪಿ ಎರಡೇ ದಿನಗಳಲ್ಲಿ ತಡೆಹಿಡಿದ ಸ್ಥಳೀಯ ಉದ್ಯೋಗ ಮಸೂದೆಯನ್ನು ಈ ಬೆಳಕಿನಲ್ಲಿ ಓದಬೇಕು. ಸ್ಥಳೀಯ ಎಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ನೆಲಸಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು ಎಂದು ಅದು ಹೇಳಿತ್ತು. ಉದ್ಯೋಗದ ಅಭಾವ ನಿಜ, ಸ್ಥಳೀಯರ ಕಳವಳವೂ ನಿಜ. ಆದರೆ ಈ ವ್ಯಾಖ್ಯೆಯಲ್ಲಿ ಹುಟ್ಟು ಯಾಕೆ ಬಂತು? ಕೊಲ್ಲಂನಲ್ಲಿ ಹುಟ್ಟಿ, ಒಂದು ವರ್ಷದ ಕೂಸಾಗಿ ಜಡ್ಕಲ್ಲಿಗೆ ಬಂದು, ಕನ್ನಡ ಮಾಧ್ಯಮದಲ್ಲೇ ಓದಿದವನೊಬ್ಬನಿದ್ದಾನೆಂದು ಊಹಿಸಿಕೊಂಡರೆ ಅವನು ಎಷ್ಟೇ ಕನ್ನಡ ಕಲಿತರೂ ಈ ಹೊಸ್ತಿಲು ದಾಟಲಾರ. ಇತ್ತ ಶಾಲೆಯ ಮುಖವನ್ನೇ ನೋಡದ ಕೊರಗ ಮುದುಕನೂ ದಾಟಲಾರ, ಅವನಿಗೆ ಓದು ಬರಹ ಬಾರದು. ಕಲಿತರೆ ನಮ್ಮವನು ಎಂದು ಬಾಯಲ್ಲಿ ಹೇಳಿ, ಹುಟ್ಟಿದರೆ ಮಾತ್ರ ನಮ್ಮವನು ಎಂದು ಕಾಗದದಲ್ಲಿ ಬರೆಯುವುದು ಪ್ರಾಮಾಣಿಕ ವ್ಯವಹಾರವಲ್ಲ. ಬೇರೆ ದೇಶಗಳೂ ಭಾಷೆಯ ಪರೀಕ್ಷೆ ಇಟ್ಟಿವೆಯಲ್ಲ ಎನ್ನುವವರಿದ್ದಾರೆ. ಇಟ್ಟಿವೆ. ಜರ್ಮನಿಯ ಪೌರತ್ವಕ್ಕೆ ಬಿ1 ಮಟ್ಟದ ಜರ್ಮನ್ ಬೇಕು. ಅದೇ ಜರ್ಮನಿ 2005ರಿಂದ ಸರ್ಕಾರದ ಖರ್ಚಿನ ನೆರವಿನಿಂದ ತರಗತಿಗಳನ್ನು ನಡೆಸುತ್ತಿದೆ. ಸಾಮಾನ್ಯ ಪಾಠಕ್ರಮದಲ್ಲಿ 600 ಗಂಟೆ ಭಾಷೆ, 100 ಗಂಟೆ ದೇಶದ ಕಾನೂನು, ಇತಿಹಾಸ, ಬದುಕಿನ ಪರಿಚಯ. ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದೇನೂ ಅಲ್ಲ. ಆದರೆ ಕೇಳುವ ಮುಂಚೆ ಕೊಡಬೇಕೆಂಬ ಕ್ರಮವನ್ನಾದರೂ ಆ ರಾಜ್ಯ ಒಪ್ಪಿಕೊಂಡಿದೆ.

ಯಾವ ನ್ಯಾಯವನ್ನಾದರೂ ಅಳೆಯುವ ಹಳೆಯ ದಾರಿಯೊಂದಿದೆ, ನಮ್ಮನ್ನೇ ಎದುರುಗಡೆ ನಿಲ್ಲಿಸಿ ನೋಡುವುದು. ಯೆಹೂದ್ಯರ ಧರ್ಮಶಾಸ್ತ್ರ ಪರದೇಶಿಯನ್ನು ಪೀಡಿಸಬಾರದು ಎಂದು ಆಜ್ಞಾಪಿಸುವಾಗ ಕೊಡುವ ಕಾರಣ, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎಂಬುದು. ಜಡ್ಕಲ್ಲಿನ ಇಗರ್ಜಿಯಲ್ಲಿ ಓದುವ ಈ ಗ್ರಂಥ ಕುಂದಾಪುರದವರಿಗೂ ಅಷ್ಟೇ ಒಪ್ಪುತ್ತದೆ, ಏಕೆಂದರೆ ಅವರ ಐಗುಪ್ತ ಮುಂಬಯಿ. ಈ ಕರಾವಳಿ ತಾಲ್ಲೂಕುಗಳ ಎಷ್ಟೋ ಮನೆಗಳ ಹಂಚು ಬಂದದ್ದು ಮಾಟುಂಗಾದ, ಫೋರ್ಟಿನ, ಗಿರ್ಗಾಂವಿನ ಹೋಟೆಲುಗಳ ದುಡಿಮೆಯಿಂದ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಹಗಲು ತಟ್ಟೆ ಎತ್ತಿದ ಹುಡುಗರು ರಾತ್ರಿ ಕಲಿತದ್ದು ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ, ನಮ್ಮೂರ ಸಂಘಗಳೇ ಕಟ್ಟಿದ ಶಾಲೆಗಳಲ್ಲಿ. ಮರಾಠಿ ಅವರಿಗೆ ಬಂದದ್ದು ಗಲ್ಲಾದ ಮುಂದೆ. 1966ರ ಜೂನ್‌ನಲ್ಲಿ ಶಿವಸೇನೆ ಹುಟ್ಟಿ, ಲುಂಗಿಯವರನ್ನು ಓಡಿಸಿ ಎಂದು ಕೂಗು ಎದ್ದಾಗ ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಅವರಲ್ಲಿ ಅನೇಕರಿಗೆ ಮರಾಠಿ ಬರುತ್ತಿತ್ತು, ಕಲ್ಲು ಎಸೆದವರು ಅದನ್ನು ಪರೀಕ್ಷಿಸಿ ಎಸೆಯಲಿಲ್ಲ. ಇನ್ನು ಕಾಸರಗೋಡು. ಅಲ್ಲಿಯ ಕನ್ನಡಿಗರು ಎಲ್ಲಿಗೂ ಹೋಗಲಿಲ್ಲ, 1956ರಲ್ಲಿ ಗಡಿಯೇ ಅವರನ್ನು ದಾಟಿಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಲು ಬದುಕಿನುದ್ದಕ್ಕೂ ಹೋರಾಡಿದರು. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನವರು ಬೀದಿಗಿಳಿದರು, ಕರ್ನಾಟಕ ಬೆಂಬಲಿಸಿತು. ಅದೇ ಹೊತ್ತಿಗೆ ಕರ್ನಾಟಕ ತನ್ನ 2015ರ ಕನ್ನಡ ಕಲಿಕೆ ಕಾಯ್ದೆಯನ್ನು ಜಾರಿಗೆ ತರುತ್ತಿತ್ತು. ಒಂದು ಕಡ್ಡಾಯ ಅನ್ಯಾಯ, ಇನ್ನೊಂದು ಕಡ್ಡಾಯ ನ್ಯಾಯ ಎನ್ನಲು ನಮ್ಮದು ಎಂಬುದಕ್ಕಿಂತ ಗಟ್ಟಿಯಾದ ಕಾರಣ ಬೇಕು. ಗಡಿ ದಾಟಿಬಂದವನಿಗೂ ಗಡಿಯೇ ದಾಟಿಹೋದವನಿಗೂ ವ್ಯತ್ಯಾಸವಿದೆ, ಅದು ಒಪ್ಪತಕ್ಕ ವಾದ. ಆದರೆ ಆ ವ್ಯತ್ಯಾಸದಿಂದ ಕಾಸರಗೋಡಿನವರ ಹಕ್ಕು ಹೆಚ್ಚುತ್ತದೆಯೇ ಹೊರತು ಜಡ್ಕಲ್ಲಿನವರದು ಇಲ್ಲವಾಗುವುದಿಲ್ಲ. ದೂರದ ಇನ್ನೊಂದು ನಿದರ್ಶನವನ್ನೂ ಮರೆಯಬಾರದು. ಕಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದವರು. 2008ರ ಕೊನೆಯಲ್ಲಿ ನೇಪಾಳದ ಸರ್ಕಾರ ಅವರ ಜಾಗಕ್ಕೆ ನೇಪಾಳಿಗಳನ್ನು ನೇಮಿಸಿದಾಗ ಇಲ್ಲಿ ನಮಗೆಲ್ಲ ನೋವಾಯಿತು. ಆ ನೋವನ್ನು ಇಲ್ಲಿಗೆ ಬಂದವನ ವಿಷಯದಲ್ಲೂ ನೆನೆಯಬಹುದು.

ಒತ್ತಾಯ ಬಿಟ್ಟರೆ ಕನ್ನಡ ಉಳಿಯುತ್ತದೆಯೇ ಎಂಬ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾಷೆಗಳು ಸಾಯುತ್ತವೆ. ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿ ತುಳು ಇದೆ, ಕೊರಗ ನುಡಿ ಇದೆ. 2011ರ ಜನಗಣತಿಯಲ್ಲಿ 4.37 ಕೋಟಿ ಜನ ತಾಯ್ನುಡಿಯೆಂದು ಬರೆಸಿದ ಕನ್ನಡ ಆ ಪಟ್ಟಿಯಲ್ಲಿಲ್ಲ. ಕನ್ನಡಕ್ಕೆ ಬಂದಿರುವ ಕುತ್ತು ಬೇರೆ ಕಡೆಯದು, ಅದು ಜಡ್ಕಲ್ಲಿನ ರಬ್ಬರ್ ತೋಟದಿಂದಲೂ ಗಂಗೊಳ್ಳಿಯ ಬೋಟಿನಿಂದಲೂ ಬಂದದ್ದಲ್ಲ. ಕನ್ನಡದ ಮನೆಗಳೇ ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದ ಮೇಲೆ, ಕರಾವಳಿಯ ಎಷ್ಟೋ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕದಲ್ಲಿ ಉಳಿದಿರುವುದು ದುಡಿಯಲು ಬಂದವರ ಮಕ್ಕಳ ಹೆಸರು. ಕನ್ನಡ ಶಾಲೆ ಮುಚ್ಚದಂತೆ ನೋಡಿಕೊಳ್ಳುತ್ತಿರುವ ಆ ಮಕ್ಕಳ ತಂದೆತಾಯಂದಿರ ಮೇಲೆ ಕನ್ನಡದ ಸಾಲ ಹೊರಿಸುವುದು ವಿಚಿತ್ರವಾದ ಲೇವಾದೇವಿ.

ಪೌರತ್ವದ ಚರ್ಚೆಯಲ್ಲಿ ಧರ್ಮವನ್ನು ಯಾಕೆ ಎಳೆದುತರಬೇಕು ಎಂದು ಕೇಳುವವರಿಗೆ ಅರ್ಧ ಒಪ್ಪಿಗೆಯಿದೆ. ಪೌರತ್ವ ಕೊಡುವುದು ಸಂವಿಧಾನ, ದೇವಿಯಲ್ಲ. ಮತಧರ್ಮದ ಹೆಸರನ್ನೇ ಅರ್ಹತೆಯಾಗಿ ಕಾಯ್ದೆಯೊಳಗೆ ತಂದರೆ ಏನಾಗುತ್ತದೆಂಬುದಕ್ಕೆ 2019ರ ತಿದ್ದುಪಡಿಯೇ ನಿದರ್ಶನ. ಮೂರು ದೇಶಗಳ ಆರು ಮತದವರಿಗೆ ದಾರಿ ಹತ್ತಿರವಾಯಿತು, ಅದೇ ದೇಶಗಳ ಮುಸ್ಲಿಮರೂ ಶ್ರೀಲಂಕೆಯ ತಮಿಳರೂ ಹೊರಗುಳಿದರು. ಅಲ್ಲಿ ಧರ್ಮವೆಂಬುದು ಆಚರಣೆಯಾಗಿ ಬಂದಿಲ್ಲ, ಹುಟ್ಟಿನ ಗುರುತಾಗಿ ಬಂದಿದೆ. ಋಣದ ವಿಚಾರ ಬೇರೆ. ಅದನ್ನು ಸಾರ್ವಜನಿಕ ಮಾತಿಗೆ ತಂದವರು ನಾವೇ, ತಂದ ಮೇಲೆ ಅದರ ಪೂರ್ತಿ ಲೆಕ್ಕ ಒಪ್ಪಿಸಬೇಕು. ಆದರೆ ಈ ಸಂಪ್ರದಾಯವೇ ಹುಟ್ಟನ್ನು ಎಲ್ಲಕ್ಕಿಂತ ಮೇಲಿಟ್ಟದ್ದಲ್ಲವೇ ಎಂಬ ಪ್ರಶ್ನೆ ಇದಕ್ಕಿಂತ ಹರಿತವಾದದ್ದು. ಹೌದು, ಇಟ್ಟಿದೆ. ಮದರಾಸು ಪ್ರಾಂತದಲ್ಲಿ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಲು 1947ರ ಕಾನೂನು ಬೇಕಾಯಿತು. ಹಾಗೆಂದು ಆ ಸಂಪ್ರದಾಯದಲ್ಲಿ ಇನ್ನೊಂದು ಧ್ವನಿ ಇರಲೇ ಇಲ್ಲ ಎನ್ನಲಾಗದು. ಫೋರ್ಟ್ ಕೊಚ್ಚಿಯ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಯೇಸುದಾಸರಿಗೆ ಗುರುವಾಯೂರಿನ ಒಳಗೆ ಪ್ರವೇಶ ಸಿಗಲಿಲ್ಲ. ಕೊಲ್ಲೂರಿನಲ್ಲಿ ಅವರು ವರ್ಷ ವರ್ಷವೂ ಹುಟ್ಟುಹಬ್ಬದ ದಿನ ಬಂದು ದೇವಿಯ ಮುಂದೆ ಹಾಡಿದರು. ಎರಡೂ ಒಂದೇ ಧರ್ಮದ ದೇವಸ್ಥಾನಗಳು. ಯಾವ ಬಾಗಿಲನ್ನು ತನ್ನದೆನ್ನಬೇಕು ಎಂಬುದನ್ನು ಸಂಪ್ರದಾಯ ತಾನೇ ತೀರ್ಮಾನಿಸುವುದಿಲ್ಲ, ಅದನ್ನು ಪಾಲಿಸುವವರು ತೀರ್ಮಾನಿಸುತ್ತಾರೆ.

ಇಲ್ಲಿಗೆ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ, ಟಿಬೆಟಿಯನ್ನರದು. ಬೈಲುಕುಪ್ಪೆಗೆ ಅವರು ಬಂದದ್ದು 1961ರಲ್ಲಿ, ಮುಂಡಗೋಡಿಗೆ ಆ ದಶಕದ ಉತ್ತರಾರ್ಧದಲ್ಲಿ. ಕಾಡು ಕಡಿದು ಜೋಳ ಬೆಳೆದರು, ಸುತ್ತಲ ಹಳ್ಳಿಯವರೊಂದಿಗೆ ಕನ್ನಡದಲ್ಲೇ ವ್ಯವಹರಿಸಿದರು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ ಹುಟ್ಟಿನಿಂದಲೇ ಭಾರತೀಯ ಎಂದು ದೆಹಲಿ ಹೈಕೋರ್ಟು 2010ರಲ್ಲಿ ಹೇಳಿತು, ಕರ್ನಾಟಕ ಹೈಕೋರ್ಟು 2013ರಲ್ಲಿ ಅದೇ ದಾರಿ ಹಿಡಿಯಿತು. ಆದರೂ ಅನೇಕರು ಪೌರತ್ವ ಕೇಳಲಿಲ್ಲ. ಭಾರತೀಯರಾಗಿಬಿಟ್ಟರೆ ಕಳೆದುಕೊಂಡ ನಾಡಿನ ಮೇಲಿನ ಹಕ್ಕು ಸಡಿಲವಾದೀತೆಂಬ ಅಳುಕು. ಇವರು ಭಾಷೆ ಕಲಿತರು, ನೆಲವನ್ನು ಹಸನು ಮಾಡಿದರು, ಕಾಗದವನ್ನು ಮಾತ್ರ ಬೇಡವೆಂದರು. ಋಣವನ್ನು ನಿಷ್ಠೆಯ ರೂಪದಲ್ಲಿ ವಸೂಲು ಮಾಡಬೇಕೆನ್ನುವವನಿಗೆ ಇವರು ಕೃತಘ್ನರಾಗಿ ಕಾಣಬೇಕು. ಶತಪಥದ ಲೆಕ್ಕದವನಿಗೆ ಹಾಗೆ ಕಾಣುವುದಿಲ್ಲ. ಜಾಗ ಕೊಟ್ಟದ್ದರಲ್ಲೇ ಕೊಟ್ಟವರ ಋಣ ಸಂದಿತು, ಪಡೆದವರು ಮುಂದೆ ಯಾರಾಗಬೇಕೆಂಬುದು ಅವರ ಮನಸ್ಸಿಗೆ ಬಿಟ್ಟದ್ದು.

ಕೊಡುವುದೇ ಮೊದಲಾಗಬೇಕಾದರೆ ಕೊಡುವ ವ್ಯವಸ್ಥೆಯೂ ಬೇಕಾಗುತ್ತದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗಾಗಿ ಕಲಿಕಾ ಕೇಂದ್ರಗಳನ್ನು ನಡೆಸುತ್ತದೆ, ಹೆಚ್ಚಾಗಿ ಬೆಂಗಳೂರಿನಲ್ಲಿ. ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಅತಿ ಹೆಚ್ಚು ಆದಾಯವಿರುವವುಗಳಲ್ಲಿ ಕೊಲ್ಲೂರಿನದೂ ಒಂದು. ಅಲ್ಲಿ ಯಾತ್ರಿಕನಿಗೆ ಇರಲು ಕೋಣೆಯಿದೆ, ಉಣ್ಣಲು ಅನ್ನಪ್ರಸಾದವಿದೆ, ಮನುಷ್ಯರ ಋಣದ ಎರಡು ಬಾಬುಗಳೂ ಸಲ್ಲುತ್ತಿವೆ. ಋಷಿಗಳ ಋಣದ ಬಾಬಿಗೆ, ಆ ಊರಿನ ಲಾಡ್ಜು ಹೋಟೆಲುಗಳಲ್ಲಿ ದುಡಿಯುವ ಹೊರಗಿನ ಹುಡುಗರಿಗೆ, ಗಂಗೊಳ್ಳಿ ಮರವಂತೆಯ ಕಡೆ ಮೀನಿನ ಕೆಲಸಕ್ಕೆ ಬಂದವರಿಗೆ, ಕೆಲಸ ಮುಗಿದ ಹೊತ್ತಿನಲ್ಲಿ ಕನ್ನಡ ಕಲಿಸುವ ಕೋಣೆಯೊಂದನ್ನು ತೆರೆಯಲು ದೊಡ್ಡ ಮೊತ್ತವೇನೂ ಬೇಡ. ಮುಂಬಯಿಯ ರಾತ್ರಿಶಾಲೆಗಳಲ್ಲಿ ಕಲಿತು ಊರಿಗೆ ಮರಳಿದ ಹಿರಿಯರು ಈ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ, ದಣಿದ ಮೈಯಲ್ಲಿ ಪರವೂರಿನಲ್ಲಿ ಅಕ್ಷರ ತಿದ್ದುವುದೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಠ್ಯಪುಸ್ತಕ ಬೆಂಗಳೂರಿನಿಂದ ಅಚ್ಚಾಗಿ ಬರುವುದಾದರೆ ಮೊದಲ ಪಾಠವನ್ನು ಇಲ್ಲಿಯವರೇ ತಿದ್ದಬೇಕಾದೀತು. ‘ಹ್ವಾಯ್’ ಎನ್ನಲು ಬಾರದವನಿಗೆ ಕುಂದಾಪುರದ ಬಸ್ಸು ನಿಲ್ಲುವುದು ಕಷ್ಟ.